ಮಕ್ಕಳ ಆಟಕ್ಕೆ ನೆಲವಿಲ್ಲವೆನ್ನುವವರು ಯಾರು?

ನಮ್ಮೂರ ಸಂತೆಮಾಳದ ಹಿಂದಿನ ಬಯಲಿನಲ್ಲಿ ಕಳೆದ ತಿಂಗಳು ನಾಲ್ಕು ಕಲ್ಲುಗೂಟಗಳು ಎದ್ದು ನಿಂತಿವೆ. ಗೂಟಗಳ ತಲೆಗೆ ಕೆಂಪು ಬಣ್ಣ ಬಳಿದಿದ್ದಾರೆ. ಪಕ್ಕದಲ್ಲೊಂದು ಬೋರ್ಡು: "ವಾಣಿಜ್ಯ ಮಳಿಗೆಗಳ ನಿರ್ಮಾಣಕ್ಕಾಗಿ ಕಾಯ್ದಿರಿಸಿದ ಸ್ಥಳ." ಬೋರ್ಡು ನೆಟ್ಟ ದಿನ ಸಂಜೆಯೇ ಅದರ ಎರಡು ಕಾಲುಗಳ ನಡುವೆ ಚೆಂಡು ಹೊಡೆದು ಹುಡುಗರು "ಗೋಲು" ಎಂದು ಕೂಗುತ್ತಿದ್ದುದನ್ನು ಕಣ್ಣಾರೆ ಕಂಡೆ. ಬೋರ್ಡನ್ನು ಓದಲು ಬಾರದವರಲ್ಲ ಅವರು. ಅವರಲ್ಲಿ ಕೆಲವರಿಗೆ ಅಕ್ಷರ ತಿದ್ದಿಸಿದವನು ನಾನೇ. ಆದರೆ ಆ ಬಯಲು ತಮ್ಮದಲ್ಲವೆಂಬ ಮಾತು ಅವರ ತಲೆಗೆ ಹೋಗದು. ಹೋಗಬೇಕಾದ ಅವಶ್ಯಕತೆಯೂ ಇಲ್ಲ.

ಈ ವಿಷಯವನ್ನು ವಿಚಾರಿಸಲು ಹೋದಾಗ ಊರಿನ ಹಿರಿಯರೊಬ್ಬರು ನನಗೆ ಬುದ್ಧಿ ಹೇಳಿದರು: "ಮೇಷ್ಟ್ರೇ, ಊರು ಬೆಳೆಯಬೇಕಾದರೆ ಇದೆಲ್ಲ ಆಗಲೇಬೇಕು. ಬೆಂಗಳೂರು ನೋಡಿ, ಹೇಗೆ ಬೆಳೆದಿದೆ!" ಮೇಷ್ಟ್ರ ಕೆಲಸ ಬಿಟ್ಟು ಪಕ್ಷದ ಕೆಲಸಕ್ಕೆ ಬಂದು ಕೆಲವು ವರ್ಷಗಳಾದರೂ ಊರಿನವರಿಗೆ ನಾನಿನ್ನೂ ಮೇಷ್ಟ್ರೇ. ಆದುದರಿಂದ ಮೇಷ್ಟ್ರಾಗಿಯೇ ಉತ್ತರ ಕೊಡುತ್ತೇನೆ. ಬೆಂಗಳೂರನ್ನು ನಾನು ನೋಡಿದ್ದೇನೆ. ಊರಿಗೆ ಮರಳುವ ಮುಂಚೆ ಅಲ್ಲಿನ ಕಿಕ್ಕಿರಿದ ಪೇಟೆಯ ಓಣಿಯೊಂದರಲ್ಲಿ ನಾಲ್ಕು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ. ಬೆಂಗಳೂರು ನೋಡಿ ಎನ್ನುವ ಮಹನೀಯರು, ಆ ಊರಿನ ಬಡವರ ಮಕ್ಕಳು ಎಲ್ಲಿ ಆಡುತ್ತಾರೆಂಬುದನ್ನು ನೋಡಿದ್ದಾರೆಯೇ?

ನಾನಿದ್ದ ಶಾಲೆ ಬಾಡಿಗೆ ಮನೆಯೊಂದರ ಮೇಲಿನ ಎರಡು ಅಂತಸ್ತುಗಳಲ್ಲಿತ್ತು. ಕೆಳಗೆ ಪ್ಲಾಸ್ಟಿಕ್ ಸಾಮಾನಿನ ಉಗ್ರಾಣ. ವೇಳಾಪಟ್ಟಿಯಲ್ಲಿ ವಾರಕ್ಕೆ ಎರಡು ಆಟದ ಪೀರಿಯಡ್ಡುಗಳಿದ್ದವು. ಆ ಹೊತ್ತಿನಲ್ಲಿ ಮಕ್ಕಳು ಬೆಂಚಿನ ಪಕ್ಕದಲ್ಲಿ ಎದ್ದು ನಿಂತು ಕೈ ಮೇಲೆತ್ತಿ ಇಳಿಸಬೇಕು. ಒಬ್ಬನ ಕೈ ಇನ್ನೊಬ್ಬನ ಮೂಗಿಗೆ ತಗುಲದಂತೆ ನೋಡಿಕೊಳ್ಳುವುದೇ ಮೇಷ್ಟ್ರ ಕೆಲಸ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ ಶಾಲೆಗೆ ಆಟದ ಮೈದಾನವಿರಬೇಕೆಂದು ಬರೆದಿದೆ. ಬರೆದದ್ದು ಬರೆದಲ್ಲೇ ಉಳಿದಿತ್ತು. ಮಕ್ಕಳು ನಿಂತಲ್ಲೇ ನಿಂತಿದ್ದರು.

ಮೂರನೆಯ ತರಗತಿಯ ಹುಡುಗನೊಬ್ಬ ಒಂದು ಸಂಜೆ ಚೆಂಡಿನ ಹಿಂದೆ ಓಣಿಗೆ ಓಡಿ, ಸಾಮಾನು ಸಾಗಿಸುವ ಗಾಡಿಗೆ ಸಿಕ್ಕಿದ. ಜೀವ ಉಳಿಯಿತು, ಕಾಲು ಎರಡು ಕಡೆ ಮುರಿಯಿತು. ನೋಡಲು ಹೋದ ನಾನು ಮೇಷ್ಟ್ರ ಧೋರಣೆಯಲ್ಲಿ, "ಬೀದಿಯಲ್ಲಿ ಆಡಬೇಡ ಎಂದು ಎಷ್ಟು ಸಲ ಹೇಳಿದ್ದೆ?" ಎಂದು ಗದರಿದೆ. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದ ಅವನ ತಾಯಿ ತಲೆಯೆತ್ತಿ, "ಬೀದೀಲಿ ಬೇಡ ಅಂದ್ರೆ ಇನ್ನೆಲ್ಲಿ ಆಡ್ಬೇಕು, ನೀವೇ ಹೇಳಿ ಸಾರ್" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ತಂದಿದ್ದ ಕಿತ್ತಳೆ ಹಣ್ಣನ್ನು ಮಂಚದ ಮೇಲಿಟ್ಟು ಎದ್ದು ಬಂದೆ. ಆಕೆ ಕೇಳಿದ ಪ್ರಶ್ನೆ ಇಂದಿಗೂ ನನ್ನ ಬೆನ್ನು ಬಿಟ್ಟಿಲ್ಲ. ಅದನ್ನು ನನ್ನನ್ನಲ್ಲ, ಊರನ್ನಾಳುವವರನ್ನು ಕೇಳಬೇಕಾಗಿತ್ತು.

ಆಳುವವರ ಉತ್ತರ ಸಿದ್ಧವಾಗಿದೆ: "ಜಾಗವೆಲ್ಲಿದೆ?" ಈ ಉತ್ತರವನ್ನು ಸ್ವಲ್ಪ ಪರೀಕ್ಷಿಸೋಣ.

ಬೆಂಗಳೂರಿನಲ್ಲಿ ಬಸ್ಸುಗಳಿಗೆ ಜಾಗ ಬೇಕಾಯಿತು. ಧರ್ಮಾಂಬುಧಿ ಕೆರೆಯ ಅಂಗಳ ಸಿಕ್ಕಿತು. ಕ್ರೀಡಾಂಗಣಕ್ಕೆ ಜಾಗ ಬೇಕಾಯಿತು; ಸಂಪಂಗಿ ಕೆರೆಯ ಅಂಗಳ ಸಿಕ್ಕಿತು. ಗಾಲ್ಫ್ ಆಡುವ ದೊರೆಗಳು 1876ರಲ್ಲಿ ಕ್ಲಬ್ಬು ಕಟ್ಟಿಕೊಂಡರು. ನಗರದ ನಡುವೆ ಎಕರೆಗಟ್ಟಲೆ ಹುಲ್ಲುಗಾವಲು ಅವರಿಗೆ ಸಿಕ್ಕಿತು. ದೊರೆಗಳು ಹೋದರು, ಹುಲ್ಲುಗಾವಲು ಮಾತ್ರ ಸಾರ್ವಜನಿಕರಿಗೆ ಸಿಗಲಿಲ್ಲ. ಕುದುರೆಗಳ ಓಟಕ್ಕೆ ಸಿಕ್ಕಿದ್ದಂತೂ 80 ಎಕರೆಗೂ ಮಿಗಿಲು. ಜೂಜಿನ ಕುದುರೆಗೆ ಓಡಲು ನೆಲವಿದೆ. ಜವಾನನ ಮಗುವಿಗೆ ಓಡಲು ನೆಲವಿಲ್ಲ!

ಮೇಷ್ಟ್ರಾದುದರಿಂದ ಒಂದು ಲೆಕ್ಕ ಹಾಕುತ್ತೇನೆ. 30 ಅಡಿ 40 ಅಡಿಯ ಸೈಟು ಎಂದರೆ ಬೆಂಗಳೂರಿನವರಿಗೆಲ್ಲ ಗೊತ್ತು. ಅಂಥ ಎರಡು ಸೈಟುಗಳನ್ನು ಸೇರಿಸಿದರೆ 2,400 ಚದರ ಅಡಿ. ಒಂದು ಓಣಿಯ ಚಿಕ್ಕ ಮಕ್ಕಳು ಕುಂಟೆಬಿಲ್ಲೆ, ಲಗೋರಿ, ಗೋಲಿ, ಬುಗುರಿ ಆಡಿಕೊಳ್ಳಲು ಅಷ್ಟು ಸಾಕು. 80 ಎಕರೆಯಲ್ಲಿ ಅಂಥ ಆಟದಂಗಳಗಳು 1,450ಕ್ಕೂ ಹೆಚ್ಚಾಗುತ್ತವೆ. ರೇಸ್ ಕೋರ್ಸನ್ನು ತುಂಡು ಮಾಡಿ ಹಂಚಿರೆಂದು ನಾನು ಹೇಳುತ್ತಿಲ್ಲ. ಕಲಾಸಿಪಾಳ್ಯದ ಮಗು ಅಲ್ಲಿಗೆ ನಡೆದುಹೋಗಲಾರದು. ನಾನು ಹೇಳುವುದಿಷ್ಟೆ: ನೆಲದ ಅಭಾವವೆಂಬುದು ಕೇಳುವವರ ಮುಖ ನೋಡಿ ಹೇಳುವ ಮಾತು.

ಇನ್ನು ಕೆಲವರು, "ಆಟದ ಮೈದಾನಗಳಿಲ್ಲವೇ? ಪಾರ್ಕುಗಳಿಲ್ಲವೇ?" ಎಂದು ಪಟ್ಟಿ ತೆಗೆಯುತ್ತಾರೆ. ಕ್ರೀಡಾಂಗಣ ಬೇರೆ, ಮಕ್ಕಳ ಆಟದಂಗಳ ಬೇರೆ. ಸಾವಿರಾರು ಜನ ಕುಳಿತು ನೋಡುವ, 22 ಜನ ಮಾತ್ರ ಆಡುವ ಸ್ಥಳವನ್ನು ಮಕ್ಕಳ ಲೆಕ್ಕಕ್ಕೆ ಬರೆಯುವುದು ಮೋಸ. ಪಾರ್ಕುಗಳಲ್ಲಿ ಎಷ್ಟೋ ಕಡೆ ಗೇಟಿಗೆ ಬೀಗ, ಹುಲ್ಲಿಗೆ ಬೇಲಿ, ಬೇಲಿಯ ಮೇಲೆ "ಚೆಂಡಾಟ ನಿಷೇಧಿಸಲಾಗಿದೆ" ಎಂಬ ಬೋರ್ಡು. ಸಕ್ಕರೆ ಕಾಯಿಲೆಯ ಹಿರಿಯರು ಸುತ್ತು ಹಾಕಲು ಕಲ್ಲು ಹಾಸಿದ ದಾರಿಯಿರುತ್ತದೆ, ಅದು ಇರಬೇಕಾದದ್ದೇ. ಆದರೆ ಆ ಹಿರಿಯರ ಮೊಮ್ಮಗ ಓಡಿದರೆ ಕಾವಲುಗಾರ ಸೀಟಿ ಊದುತ್ತಾನೆ. ಹಣವಿದ್ದವರಿಗೆ ಈಗ ಹಸಿರು ಪ್ಲಾಸ್ಟಿಕ್ ಹುಲ್ಲು ಹಾಸಿದ ಟರ್ಫುಗಳು ಬಂದಿವೆ. ಗಂಟೆಗಿಷ್ಟೆಂದು ಬಾಡಿಗೆ ತೆತ್ತು ಆಡಬಹುದು. ಒಂದು ಕಾಲಕ್ಕೆ ನೀರನ್ನು ಮಾರುತ್ತಾರೆಂದರೆ ಜನ ನಗುತ್ತಿದ್ದರು. ಈಗ ಮಕ್ಕಳ ಓಟವನ್ನೂ ಗಂಟೆಯ ಲೆಕ್ಕದಲ್ಲಿ ಮಾರುತ್ತಿದ್ದಾರೆ, ಯಾರೂ ನಗುತ್ತಿಲ್ಲ.

ಹಾಗಾದರೆ ಕಿಕ್ಕಿರಿದ ನಗರದಲ್ಲಿ ಮಾಡಬೇಕಾದುದೇನು? ಇದನ್ನು ಮಾಡಿ ತೋರಿಸಿದ ಒಂದು ನಗರವಿದೆ. ಅದರ ಕಥೆಯನ್ನು ನಮ್ಮ ನಗರಸಭೆಗಳ ಸದಸ್ಯರು ಬಾಯಿಪಾಠ ಮಾಡಬೇಕು.

ಹಾಲೆಂಡಿನ ಆಮ್‌ಸ್ಟರ್‌ಡಾಮ್ ಎರಡನೆಯ ಮಹಾಯುದ್ಧ ಮುಗಿದಾಗ ಸೋತು ಸುಣ್ಣವಾಗಿತ್ತು. ಐದು ವರ್ಷ ಜರ್ಮನ್ ಸೈನ್ಯದ ಕಾಲಡಿಯಲ್ಲಿದ್ದ ನಗರ ಅದು. ಅಲ್ಲಿನ ಯೆಹೂದಿಗಳನ್ನು ಹಿಡಿದು ಸಾವಿನ ಶಿಬಿರಗಳಿಗೆ ಸಾಗಿಸಿದ್ದರು. 1944–45ರ ಹಸಿವಿನ ಚಳಿಗಾಲದಲ್ಲಿ, ಉರುವಲಿಲ್ಲದೆ ನಡುಗುತ್ತಿದ್ದ ಜನ ಆ ಖಾಲಿ ಮನೆಗಳ ತೊಲೆ ಬಾಗಿಲುಗಳನ್ನು ಕಿತ್ತು ಸುಟ್ಟರು, ಮನೆಗಳು ಕುಸಿದವು. ಯುದ್ಧಾನಂತರ ಮನೆಗಳ ಅಭಾವ, ಪಡಿತರದ ಸಾಲು. ಮಕ್ಕಳ ಆಟವನ್ನು ಮುಂದೂಡಲು ಇದಕ್ಕಿಂತ ಒಳ್ಳೆಯ ನೆಪ ಯಾವ ನಗರಕ್ಕಿತ್ತು?

ಆದರೂ 1947ರಲ್ಲಿ, ನಮ್ಮ ದೇಶ ಸ್ವತಂತ್ರವಾದ ವರ್ಷದಲ್ಲಿಯೇ, ಆ ನಗರದವರು ಬರ್ಟೆಲ್‌ಮನ್‌ಪ್ಲೇನ್ ಎಂಬ ಚಿಕ್ಕ ಚೌಕದಲ್ಲಿ ಮೊದಲ ಆಟದಂಗಳ ಮಾಡಿದರು. ನಗರ ಯೋಜನಾ ಶಾಖೆಯಲ್ಲಿದ್ದ ಯಾಕೋಬಾ ಮುಲ್ಡರ್ ಎಂಬ ಮಹಿಳೆ ಈ ಕೆಲಸವನ್ನು ಮುಂದೆ ನಿಂತು ನಡೆಸಿದಳು. ಬೀದಿಯ ಮರದ ಬುಡದಲ್ಲಿ ಮಣ್ಣು ಕೆದಕಿ ಆಡುತ್ತಿದ್ದ ಒಂದು ಹೆಣ್ಣುಮಗುವನ್ನು ಕಂಡು ಆಕೆಗೆ ಈ ಯೋಚನೆ ಬಂದಿತೆಂದು ಹೇಳುತ್ತಾರೆ. ನಕ್ಷೆ ಬರೆದವನು ಆಲ್ಡೊ ವಾನ್ ಐಕ್ ಎಂಬ, ಇನ್ನೂ ಮೂವತ್ತು ತುಂಬದ ವಾಸ್ತುಶಿಲ್ಪಿ. ಅಗಲವಾದ ಕಾಂಕ್ರೀಟ್ ಅಂಚಿನ ಮರಳಿನ ಗುಂಡಿ, ನೇತಾಡಿ ಲಾಗ ಹಾಕಲು ಕಬ್ಬಿಣದ ಕೊಳವೆಗಳು, ಕೂರಲು ಬೆಂಚು. ಮುಂದೆ ಮಾಡಿದ ಅಂಗಳಗಳಲ್ಲಿ ಜಿಗಿಯಲು ಕಾಂಕ್ರೀಟಿನ ದುಂಡು ಕಲ್ಲುಗಳು, ಹತ್ತಲು ಕೊಳವೆಯ ಕಮಾನುಗಳು ಸೇರಿದವು. ಆನೆಯ ಸೊಂಡಿಲಿಲ್ಲ, ಬಣ್ಣದ ಬಾತುಕೋಳಿಯಿಲ್ಲ, ಉದ್ಘಾಟಕರ ಹೆಸರಿಗೆಂದು ಕಟ್ಟಿದ ಕಮಾನಿಲ್ಲ. ಯಾವುದು ಗುಡ್ಡ, ಯಾವುದು ಕೋಟೆ ಎಂಬುದನ್ನು ನಿರ್ಧರಿಸುವವರು ಮಕ್ಕಳೇ.

ಮೊದಲನೆಯದನ್ನು ಕಂಡ ಪಕ್ಕದ ಬೀದಿಯವರು, "ನಮ್ಮ ಬೀದಿಗೂ ಒಂದು ಮಾಡಿಕೊಡಿ" ಎಂದು ನಗರಾಡಳಿತಕ್ಕೆ ಪತ್ರ ಬರೆದರು. ಅದನ್ನು ನೋಡಿ ಇನ್ನೊಂದು ಬೀದಿಯವರು ಬರೆದರು. ನಗರಾಡಳಿತ ಆ ಪತ್ರಗಳನ್ನು ಕಡತದಲ್ಲಿ ಮುಚ್ಚಿಡಲಿಲ್ಲ. ರಸ್ತೆಗಳು ಕೂಡುವಲ್ಲಿ ಉಳಿದ ಮುಕ್ಕೋಣೆ ಜಾಗ, ಎರಡು ಮನೆಗಳ ನಡುವೆ ಬಿದ್ದ ಖಾಲಿ ನಿವೇಶನ, ಕುಸಿದ ಮನೆಗಳ ತಳ, ಹೀಗೆ ಯಾರೂ ಲೆಕ್ಕಕ್ಕಿಡದ ತುಂಡುನೆಲಗಳನ್ನೆಲ್ಲ ಹುಡುಕಿ ಹುಡುಕಿ ಆಟದಂಗಳ ಮಾಡುತ್ತ ಹೋಯಿತು. 1978ರ ವೇಳೆಗೆ ಅವುಗಳ ಸಂಖ್ಯೆ 700 ದಾಟಿತ್ತು. ಅನೇಕವು ತಾತ್ಕಾಲಿಕ, ಮನೆ ಕಟ್ಟುವ ಕಾಲ ಬಂದಾಗ ತೆಗೆದರು. ಆದರೆ ಅಷ್ಟು ವರ್ಷಗಳಲ್ಲಿ ಒಂದು ಪೀಳಿಗೆಯ ಮಕ್ಕಳು ಅಲ್ಲಿ ಆಡಿ ಬೆಳೆದಿದ್ದರು. ಮಗುವಿನ ಬಾಲ್ಯವೂ ತಾತ್ಕಾಲಿಕವೇ ಅಲ್ಲವೇ? ಹತ್ತು ವರ್ಷದ ಮೇಲೆ ಬರಲಿರುವ ಭವ್ಯ ಮೈದಾನ ಇಂದಿನ ಆರು ವರ್ಷದ ಮಗುವಿಗೆ ಯಾವ ಉಪಯೋಗಕ್ಕೆ?

ಆಗ ಆ ನಗರದ ಜನಸಂಖ್ಯೆ ಎಂಟು ಲಕ್ಷ ಚಿಲ್ಲರೆ. 2011ರ ಜನಗಣತಿಯಲ್ಲಿ ಬೆಂಗಳೂರಿನ ಜನ 84 ಲಕ್ಷ. ಅದೇ ಅಳತೆ ಹಿಡಿದರೆ ಬೆಂಗಳೂರಿಗೆ ಇಂಥ ಆಟದಂಗಳಗಳು 7,000 ಬೇಕಾಗುತ್ತವೆ. ಸಂಖ್ಯೆ ಕೇಳಿ ಬೆಚ್ಚಬೇಡಿ. ಒಂದೊಂದೂ ಎರಡು ಸೈಟಿನಷ್ಟು.

ಇಲ್ಲಿಯೇ ವಿಷಯದ ಮರ್ಮವಿದೆ. ನಮ್ಮ ಯೋಜಕರು ನಕ್ಷೆಯ ಮೇಲೆ ಒಂದು ದೊಡ್ಡ ಹಸಿರು ಮಚ್ಚೆ ಹಾಕಿ ಊರಿಗೆಲ್ಲ ಇಷ್ಟು ಎಕರೆ ಬಯಲು ಸಿಕ್ಕಿತೆಂದು ತೃಪ್ತರಾಗುತ್ತಾರೆ. ಮಗು ಎಕರೆಯ ಲೆಕ್ಕದಲ್ಲಿ ಬದುಕುವುದಿಲ್ಲ. ಅಮ್ಮನ ಕೂಗು ಕೇಳುವಷ್ಟು ದೂರದಲ್ಲಿ ಬದುಕುತ್ತದೆ. ಮಧ್ಯೆ ಒಂದು ದೊಡ್ಡ ರಸ್ತೆ ಬಂದರೆ ಆಚೆಗಿನ ಮೈದಾನ ಪರದೇಶವಿದ್ದಂತೆ. ಹೆಣ್ಣುಮಕ್ಕಳ ಪಾಲಿಗಂತೂ ಇದು ಇನ್ನೂ ನಿಜ. ದೂರದ ದೊಡ್ಡ ಮೈದಾನಕ್ಕೆ ಹೋಗಿ ನೋಡಿ: ಮೈದಾನದ ತುಂಬ ಗಂಡುಹುಡುಗರ ಕ್ರಿಕೆಟ್ಟು, ಅಂಚಿನಲ್ಲೂ ಒಬ್ಬ ಹುಡುಗಿ ಕಾಣಳು. ಹತ್ತು ವರ್ಷ ದಾಟಿದ ಮಗಳನ್ನು ಯಾವ ತಾಯಿ ಅಷ್ಟು ದೂರ ಕಳಿಸುತ್ತಾಳೆ? ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡೇ ಕುಂಟೆಬಿಲ್ಲೆ ಆಡುವ ಹುಡುಗಿಯರನ್ನು ನಾನು ಆ ಓಣಿಯಲ್ಲಿ ಕಂಡಿದ್ದೇನೆ. ಮನೆಯ ಹತ್ತಿರ ಹತ್ತಡಿ ನೆಲವಿದ್ದರೆ ಆಕೆ ಆಡುತ್ತಾಳೆ. ಇಲ್ಲದಿದ್ದರೆ ಆಕೆಯ ಆಟ ಅಲ್ಲಿಗೇ ಮುಗಿಯಿತು.

ಹಣವಿಲ್ಲವೆನ್ನುವವರಿಗೆ ಇನ್ನೊಂದು ಉದಾಹರಣೆ. 1943ರಲ್ಲಿ, ಅದೂ ಜರ್ಮನರ ಆಕ್ರಮಣದ ಕಾಲದಲ್ಲಿ, ಡೆನ್ಮಾರ್ಕಿನ ಕೋಪನ್‌ಹೇಗನ್ ಬಳಿಯ ಎಂಡ್ರುಪ್‌ನಲ್ಲಿ ಹಳೆಯ ಹಲಗೆ, ಇಟ್ಟಿಗೆ, ಹಗ್ಗ ಮುಂತಾದ ಗುಜರಿ ಸಾಮಾನನ್ನು ಮಕ್ಕಳ ಕೈಗೆ ಕೊಟ್ಟು, ನೋಡಿಕೊಳ್ಳಲು ಒಬ್ಬ ಹಿರಿಯನನ್ನಿಟ್ಟು ಆಟದಂಗಳ ನಡೆಸಿದರು. ಜಾಗವೇ ಇಲ್ಲವೆನ್ನುವವರಿಗೆ ಮತ್ತೊಂದು: ಬ್ರಿಟನ್ನಿನಲ್ಲಿ 1938ರಲ್ಲಿಯೇ ಬೀದಿಗಳನ್ನು ವಾಹನಗಳಿಗೆ ಮುಚ್ಚಿ ಮಕ್ಕಳ ಆಟಕ್ಕೆ ಬಿಡಲು ಕಾಯಿದೆ ಮಾಡಿದ್ದರು. ನಮ್ಮಲ್ಲಿ ಮಂತ್ರಿಗಳ ಕಾರು ಹಾದುಹೋಗಲು ರಸ್ತೆ ಮುಚ್ಚುತ್ತಾರೆ. ಸಂಜೆ ಐದರಿಂದ ಏಳರವರೆಗೆ ಒಂದು ಅಡ್ಡರಸ್ತೆಯನ್ನು ಮಕ್ಕಳಿಗಾಗಿ ಮುಚ್ಚಿದರೆ ಯಾವ ಸಾಮ್ರಾಜ್ಯ ಮುಳುಗೀತು?

"ಈಗಿನ ಮಕ್ಕಳು ಆಡುವುದಿಲ್ಲ, ಮೊಬೈಲು ಹಿಡಿದು ಕೂರುತ್ತಾರೆ" ಎಂಬುದು ಮತ್ತೊಂದು ಆಕ್ಷೇಪಣೆ. ಬಯಲನ್ನು ಕಿತ್ತುಕೊಂಡು ಕೈಗೆ ಮೊಬೈಲು ಕೊಟ್ಟವರು ಯಾರು? ಒಂದೇ ಕೋಣೆಯ ಮನೆಯಲ್ಲಿ ಮಗು ಗಲಾಟೆ ಮಾಡದಿರಲಿ ಎಂದು ಆ ಗಾಜಿನ ತುಂಡನ್ನು ಕೊಡುವ ತಾಯಿಯನ್ನು ನಾನು ದೂರುವುದಿಲ್ಲ. ನಮ್ಮ ಸಂತೆಮಾಳದ ಬಯಲಿಗೆ ಒಂದು ಸಂಜೆ ಬಂದು ನಿಂತು ಈ ಆಕ್ಷೇಪಣೆಯನ್ನು ಮತ್ತೊಮ್ಮೆ ಹೇಳಲಿ.

ಕಾನೂನು ಇಲ್ಲವೆಂದಲ್ಲ. ಬೆಂಗಳೂರಿನ ಸದಾಶಿವನಗರದಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಬಯಲನ್ನು ಒಂದು ಖಾಸಗಿ ಟ್ರಸ್ಟಿಗೆ ಆಸ್ಪತ್ರೆ ಕಟ್ಟಲು ಕೊಡುವಂತೆ 1976ರಲ್ಲಿ ಸರ್ಕಾರದ ಆಜ್ಞೆಯಾಯಿತು. ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯ ನಿವಾಸಿಗಳ ಪರ ತೀರ್ಪು ಕೊಟ್ಟಿತು: ಜನರ ಬಳಕೆಗೆ ಮೀಸಲಾದ ಬಯಲನ್ನು ಹೀಗೆ ಖಾಸಗಿಯವರಿಗೆ ಕೊಡುವಂತಿಲ್ಲ. ಒಳ್ಳೆಯ ತೀರ್ಪು. ಆದರೆ ಆಜ್ಞೆಯಿಂದ ತೀರ್ಪಿಗೆ 15 ವರ್ಷ. ಐದು ವರ್ಷದ ಮಗು ಇಪ್ಪತ್ತಾಗಿತ್ತು. ಅದು ದೆಹಲಿಯವರೆಗೆ ವಕೀಲರನ್ನಿಡಬಲ್ಲ ಅನುಕೂಲಸ್ಥರ ಬಡಾವಣೆ. ಕೊಳೆಗೇರಿಯವನು ತನ್ನ ಮಗುವಿನ ಹತ್ತಡಿ ನೆಲಕ್ಕಾಗಿ ಯಾವ ನ್ಯಾಯಾಲಯದ ಮೆಟ್ಟಿಲು ಹತ್ತಬಲ್ಲ?

ಉದ್ಯಾನ, ಆಟದ ಬಯಲು ಮತ್ತು ತೆರೆದ ಜಾಗಗಳನ್ನು ಕಾಪಾಡಲೆಂದೇ 1985ರಲ್ಲಿ ಕರ್ನಾಟಕದಲ್ಲಿ ಕಾಯಿದೆಯಾಗಿದೆ. ಅಂಥ ಜಾಗಗಳ ಪಟ್ಟಿ ಮಾಡಬೇಕೆಂದೂ ಪಟ್ಟಿಯಲ್ಲಿರುವುದನ್ನು ಬೇರೆಯದಕ್ಕೆ ಬಳಸಬಾರದೆಂದೂ ಅದು ಹೇಳುತ್ತದೆ. ಸಂವಿಧಾನದ 74ನೆಯ ತಿದ್ದುಪಡಿ 1992ರಲ್ಲಿ ಸೇರಿಸಿದ ಹನ್ನೆರಡನೆಯ ಅನುಸೂಚಿಯಲ್ಲಿ ಉದ್ಯಾನ ಮತ್ತು ಆಟದ ಮೈದಾನಗಳನ್ನು ನಗರಸಭೆಗಳ ಕೆಲಸಗಳ ಸಾಲಿನಲ್ಲಿ ಹೆಸರಿಸಿದೆ. ಆಡುವುದು ಮಗುವಿನ ಹಕ್ಕೆಂದು ವಿಶ್ವಸಂಸ್ಥೆ 1959ರಲ್ಲಿ ಘೋಷಿಸಿತು, 1989ರಲ್ಲಿ ಒಡಂಬಡಿಕೆ ಮಾಡಿತು. 1992ರಲ್ಲಿ ಭಾರತವೂ ಒಪ್ಪಿತು. ಕಾಗದಕ್ಕೇನೂ ಕೊರತೆಯಿಲ್ಲ. ಕೊರತೆಯಿರುವುದು ಕೇಳುವ ಬಾಯಿಗಳಿಗೆ. ಬೆಂಗಳೂರಿನ ಮಹಾನಗರ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆ ಪಾಲಿಕೆಯನ್ನೇ ತೆಗೆದು 2025ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆಗಳನ್ನು ಮಾಡುವವರೆಗೆ ಐದು ವರ್ಷ ಚುನಾವಣೆಯೇ ನಡೆಯಲಿಲ್ಲ. ಬೀದಿಯವರು ಆಮ್‌ಸ್ಟರ್‌ಡಾಮಿನವರಂತೆ ಪತ್ರ ಬರೆಯಬೇಕೆಂದರೂ ಯಾರಿಗೆ ಬರೆಯಬೇಕಿತ್ತು?

ಆದುದರಿಂದ ನಮ್ಮ ಬೇಡಿಕೆಗಳನ್ನು ಸ್ಪಷ್ಟವಾಗಿ ಹೇಳುತ್ತೇನೆ. ಒಂದನೆಯದು, ದೊಡ್ಡ ರಸ್ತೆ ದಾಟದೆ, ಐದು ನಿಮಿಷದ ನಡಿಗೆಯಲ್ಲಿ ಪ್ರತಿ ಮಗುವಿಗೂ ಒಂದು ಆಟದಂಗಳ ಸಿಗಬೇಕು. ಯೋಜನೆಯ ಅಳತೆಗೋಲು ಇದೇ ಆಗಬೇಕು. ಎರಡನೆಯದು, ಪ್ರತಿ ವಾರ್ಡಿನ ಸರ್ಕಾರಿ ತುಂಡುನೆಲಗಳ ಪಟ್ಟಿಯನ್ನು ಕಛೇರಿಯ ಗೋಡೆಗೆ ಅಂಟಿಸಬೇಕು. ಯಾವ ತುಂಡು ಯಾರ ವಶದಲ್ಲಿದೆಯೆಂಬುದನ್ನು ಜನ ಓದಲಿ. ಮೂರನೆಯದು, ಬೆಲೆ ಏರಲೆಂದು ಖಾಲಿ ಬಿಟ್ಟ ಸೈಟುಗಳನ್ನು ಕಟ್ಟುವವರೆಗಾದರೂ ಮಕ್ಕಳ ಆಟಕ್ಕೆ ಬಿಡಿಸಬೇಕು. ನಾಲ್ಕನೆಯದು, ಸರ್ಕಾರಿ ಶಾಲೆಗಳ ಅಂಗಳಗಳೂ, ಸರ್ಕಾರಿ ನೆಲವನ್ನು ಗುತ್ತಿಗೆಗೆ ಪಡೆದ ಖಾಸಗಿ ಶಾಲೆಗಳ ಮೈದಾನಗಳೂ ಸಂಜೆ ಮತ್ತು ರಜಾ ದಿನಗಳಲ್ಲಿ ಓಣಿಯ ಮಕ್ಕಳಿಗೆ ತೆರೆದಿರಬೇಕು. ಐದನೆಯದು, ಪ್ರತಿ ಪಾರ್ಕಿನಲ್ಲೂ ಒಂದು ಮೂಲೆಯಲ್ಲಿ ಬೇಲಿಯಿಲ್ಲದ, ಬೋರ್ಡಿಲ್ಲದ ನೆಲವಿರಬೇಕು. ಇವುಗಳಲ್ಲಿ ಯಾವುದಕ್ಕೂ ವಿದೇಶೀ ಸಾಲ ಬೇಕಿಲ್ಲ.

ಈಗ ನಮ್ಮೂರಿಗೆ ಬರೋಣ. ಬೆಂಗಳೂರು ಕಳೆದುಕೊಂಡು ಹುಡುಕುತ್ತಿರುವುದು ನಮ್ಮಲ್ಲಿ ಇನ್ನೂ ಇದೆ. ಸಂತೆಮಾಳದ ಹಿಂದಿನ ಬಯಲಿನ ಸುತ್ತ ಹಮಾಲರ ಕೇರಿ, ನೇಕಾರರ ಬೀದಿ, ಪೌರಕಾರ್ಮಿಕರ ಮನೆಗಳಿವೆ. ಆ ಮಕ್ಕಳಿಗೆ ಬೇರೆ ಅಂಗಳವಿಲ್ಲ. ಮಳಿಗೆ ಕಟ್ಟಿದರೆ ನಗರಸಭೆಗೆ ಬಾಡಿಗೆ ಬರುತ್ತದೆ, ನಿಜ. ಆ ಬಾಡಿಗೆಯಲ್ಲಿ ನಾಳೆ ಬಯಲನ್ನು ಕೊಳ್ಳಲು ಸಾಧ್ಯವೇ? ಮಳಿಗೆಗಳು ಬೇಕಾದರೆ ಹಳೆಯ ಮಾರುಕಟ್ಟೆಯ ಮೇಲೊಂದು ಅಂತಸ್ತು ಎಬ್ಬಿಸಲಿ. ಅಂಗಡಿಯನ್ನು ಮಹಡಿಯ ಮೇಲಿಡಬಹುದು, ಲಗೋರಿಯನ್ನು ಇಡಲಾಗದು.

ಬರುವ ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನಗರಸಭೆಯ ಕಛೇರಿಗೆ ಅರ್ಜಿ ಒಯ್ಯುತ್ತೇವೆ. ಅದರಲ್ಲಿರುವುದು ಎರಡೇ ಪ್ರಶ್ನೆ. ಆಟದ ಬಯಲುಗಳ ಪಟ್ಟಿಯನ್ನು ನಮ್ಮೂರಿನಲ್ಲಿ ತಯಾರಿಸಿದ್ದೀರಾ? ತಯಾರಿಸಿದ್ದರೆ ಅದರಲ್ಲಿ ಈ ಬಯಲಿನ ಹೆಸರಿದೆಯೇ? ಇದ್ದರೆ ಗೂಟ ಕೀಳಿ. ಇಲ್ಲದಿದ್ದರೆ ಏಕಿಲ್ಲವೆಂದು ಬರೆದುಕೊಡಿ. ಕೇರಿಯ ತಾಯಂದಿರು ಬರುತ್ತೇವೆಂದು ಮಾತು ಕೊಟ್ಟಿದ್ದಾರೆ. ಅರ್ಜಿಗೆ ಸಹಿ ಹಾಕಲು ಬಾರದವರು ಹೆಬ್ಬೆಟ್ಟು ಒತ್ತಿದ್ದಾರೆ. ಓದಬಲ್ಲ ಬಂಧುಗಳೇ, ನೀವು ಬಂದು ಸಹಿ ಹಾಕಿ.